ತೆಳುಗೆರೆಗೆ ಎಷ್ಟು ಪಾಯಿಂಟ್ ಬೇಕು?

ಈಚಿನ ಮದುವೆ ಕಾರ್ಡೊಂದನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕೆನೆಬಣ್ಣದ ದಪ್ಪ ಕಾಗದ, ಅದರ ಮೇಲೆ ಚಿನ್ನದ ಫಾಯಿಲ್‌ನಲ್ಲಿ ವಧೂವರರ ಹೆಸರು. ಇಂಗ್ಲಿಷಿನ ಆ ಅಕ್ಷರಗಳು ನೀಳವಾಗಿ, ಎಳೆಯೆಳೆಯಾಗಿ, ತುದಿಯಲ್ಲಿ ಸೂಜಿಮೊನೆಯಂಥ ಕುಡಿ ಇಟ್ಟುಕೊಂಡು ನಿಂತಿರುತ್ತವೆ. ಅಲ್ಲಿಯವರೆಗೆ ಎಲ್ಲ ಚೆಂದ. ಕಣ್ಣು ಕೆಳಗಿಳಿದು ಮುಹೂರ್ತ, ಛತ್ರದ ವಿಳಾಸ, ಫೋನ್ ನಂಬರಿಗೆ ಬಂದಾಗ ತೊಡಕು ಶುರುವಾಗುತ್ತದೆ. ಅದೇ ಫಾಂಟ್, ಅದೇ ಲೈಟ್ ತೂಕ (ಗೆರೆ ತೀರ ತೆಳುವಾದ ಬಗೆ), ಅದೇ ಫಾಯಿಲ್. ಅಳತೆ ಮಾತ್ರ 9 ಪಾಯಿಂಟ್ (ಒಂದು ಪಾಯಿಂಟ್ ಎಂದರೆ ಇಂಚಿನ 72ನೇ ಒಂದು ಭಾಗ). ಇಂಗ್ಲಿಷಿನ ಸಣ್ಣ 'ಇ' ಅಕ್ಷರದ ನಡುವಿನ ಅಡ್ಡಗೆರೆ ಕಾಗದಕ್ಕೆ ಅಂಟಿಯೇ ಇಲ್ಲ, ಹಾಗಾಗಿ ಅದು 'ಸಿ' ಆಗಿದೆ. 'ಎನ್' ಅಕ್ಷರದ ಕಮಾನು ಕಂಬದಿಂದ ಬೇರ್ಪಟ್ಟು ನಿಂತಿದೆ. ಪಕ್ಕದ ಕನ್ನಡ ಸಾಲಿನಲ್ಲಿ ಫಾಲ್ಗುಣ ಮಾಸ 'ಪಾಲ್ಗುಣ'ವಾಗಿದೆ, ಧನುರ್ಲಗ್ನ 'ದನುರ್ಲಗ್ನ'ವಾಗಿದೆ. ಮಹಾಪ್ರಾಣದ ಆ ಪುಟ್ಟ ಸೀಳುಗೆರೆ ಫಾಯಿಲ್‌ನಲ್ಲಿ ಉಳಿದಿಲ್ಲ.

ಇದಕ್ಕೆ ಅಚ್ಚಿನವರನ್ನು ದೂರುವುದು ಸುಲಭ. ಆದರೆ ಬಹುಪಾಲು ಸಂದರ್ಭಗಳಲ್ಲಿ ತಪ್ಪು ಅಚ್ಚಿಗೆ ಹೋಗುವ ಮೊದಲೇ, ವಿನ್ಯಾಸ ಮಾಡುವ ಕಂಪ್ಯೂಟರಿನ ಮುಂದೆಯೇ ಆಗಿರುತ್ತದೆ. ಕಾರ್ಡನ್ನು ತೆರೆಯ ತುಂಬ ಹಿಗ್ಗಿಸಿಕೊಂಡು 300 ಪ್ರತಿಶತದಲ್ಲಿ ನೋಡುವಾಗ 9 ಪಾಯಿಂಟಿನ ಅಕ್ಷರ 27 ಪಾಯಿಂಟಿನಷ್ಟು ಕಾಣುತ್ತದೆ. ಆ ಅಳತೆಯಲ್ಲಿ ಅದು ನಿಜಕ್ಕೂ ಚೆಲುವೆಯೇ. ತೆಳು ಸೆರಿಫ್ ಅಕ್ಷರಗಳ, ಅಂದರೆ ಗೆರೆಯ ತುದಿಗೆ ಕುಡಿಯಿರುವ ತೆಳು ಅಕ್ಷರಗಳ, ಕಷ್ಟವೆಲ್ಲ ಇಲ್ಲಿದೆ: ಅವುಗಳ ಅಂದ ಇರುವುದು ಗೆರೆಯಲ್ಲಿ, ಗೆರೆಗೊಂದು ಮಿಲಿಮೀಟರಿನ ಅಳತೆ ಇದೆ, ಆ ಅಳತೆಯನ್ನು ಯಾರೂ ಲೆಕ್ಕ ಹಾಕುವುದಿಲ್ಲ.

ನೀರುಕಾಗೆಯ ಹೆಸರಿನ ಅಕ್ಷರ

ಉದಾಹರಣೆಗೆ ಕಾರ್ಮೊರಂಟ್ ಫಾಂಟನ್ನೇ ಎತ್ತಿಕೊಳ್ಳೋಣ. ಕಾರ್ಮೊರಂಟ್ ಎಂದರೆ ನಮ್ಮ ನೀರುಕಾಗೆ, ರಂಗನತಿಟ್ಟಿನ ಬಂಡೆಗಳ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುವ ಹಕ್ಕಿ. ಸ್ವಿಟ್ಜರ್ಲೆಂಡಿನ ಕ್ರಿಶ್ಚಿಯನ್ ಥಾಲ್ಮನ್ ಇದನ್ನು ಬರೆದು 2015ರಲ್ಲಿ ಮುಕ್ತ ಪರವಾನಗಿಯಡಿ ಬಿಟ್ಟರು. ಯಾರು ಬೇಕಾದರೂ ಕಾಸಿಲ್ಲದೆ ಬಳಸಬಹುದಾದ್ದರಿಂದ ಕಾರ್ಡು, ಕೆಫೆ ಮೆನು, ಸಾಬೂನಿನ ಲೇಬಲ್, ಫೋಟೋಗ್ರಾಫರುಗಳ ವೆಬ್‌ಸೈಟು ಎಲ್ಲ ಕಡೆಗೂ ಇದು ಹರಡಿತು. ಮೊದಲ ಬಿಡುಗಡೆಯಲ್ಲಿ 9 ಬಗೆ, ಒಂದೊಂದಕ್ಕೂ ಲೈಟ್‌ನಿಂದ ಬೋಲ್ಡ್‌ವರೆಗೆ 5 ತೂಕ, ಒಟ್ಟು 45 ಫಾಂಟ್ ಕಡತಗಳಿದ್ದವು. ನೇರ ಅಕ್ಷರ, ಇಟಾಲಿಕ್, ಸ್ಮಾಲ್ ಕ್ಯಾಪ್ಸ್ (ಸಣ್ಣಕ್ಷರದಷ್ಟೇ ಎತ್ತರದ ದೊಡ್ಡಕ್ಷರ) ಇದ್ದೇ ಇವೆ. ಜೊತೆಗೆ ಇಟಾಲಿಕ್ ರೂಪಗಳನ್ನೇ ನೆಟ್ಟಗೆ ನಿಲ್ಲಿಸಿದ 'ಅಪ್‌ರೈಟ್', ಮಕ್ಕಳ ಪುಸ್ತಕದ ಒಂದಂತಸ್ತಿನ 'ಎ' ಇರುವ 'ಇನ್ಫಂಟ್', ದೊಡ್ಡ ಸಣ್ಣ ಅಕ್ಷರಗಳನ್ನು ಒಂದೇ ಎತ್ತರಕ್ಕೆ ಬೆರೆಸಿದ 'ಯೂನಿಕೇಸ್' ಕೂಡ ಇವೆ. 'ಕಾರ್ಮೊರಂಟ್ ಗ್ಯಾರಮಂಡ್' ಎಂಬುದು ಅದೇ ಅಕ್ಷರದ ಹೊಟ್ಟೆಗಳನ್ನು ತುಸು ದೊಡ್ಡದು ಮಾಡಿದ ಬಗೆ. ಒಂದೇ ಒಂದನ್ನು ಆರಿಸಬೇಕೆಂದರೆ ಅದನ್ನೇ ಆರಿಸಿ.

ಇದರ ಬೇರು 16ನೇ ಶತಮಾನದ ಪ್ಯಾರಿಸ್ಸಿನಲ್ಲಿದೆ. ಕ್ಲೋದ್ ಗ್ಯಾರಮಂಡ್ ಉಕ್ಕಿನ ಕಡ್ಡಿಯ ತುದಿಯಲ್ಲಿ ಕೊರೆದ ಅಕ್ಷರಗಳು ಇದಕ್ಕೆ ಪ್ರೇರಣೆ. ಆದರೆ ಯಾವುದೋ ಒಂದು ಹಳೆಯ ಪುಟವನ್ನು ಮುಂದಿಟ್ಟುಕೊಂಡು ಮಾಡಿದ ನಕಲಲ್ಲ ಇದು. ಗ್ಯಾರಮಂಡನ ದೊಡ್ಡ ಅಳತೆಯ ಅಕ್ಷರಗಳಲ್ಲಿರುವ ನಾಜೂಕನ್ನು ಇನ್ನೂ ಎಳೆದು ನೋಡಿದ ಪ್ರಯೋಗ. ಸಣ್ಣ ಅಕ್ಷರಗಳ ಮೈ ಗಿಡ್ಡ, ಮೇಲಕ್ಕೆ ಏಳುವ ಕಂಬಗಳು ಉದ್ದ, 'ಇ' ಮತ್ತು 'ಎ' ಅಕ್ಷರಗಳ ಕಣ್ಣು (ಒಳಗಿನ ಮುಚ್ಚಿದ ಖಾಲಿ ಜಾಗ) ಸಾಸಿವೆಯಷ್ಟು, ಸೆರಿಫ್‌ಗಳು ಚೂಪು. ಈ ನಾಲ್ಕೂ ಗುಣ ದೊಡ್ಡ ಅಳತೆಯಲ್ಲಿ ವರ, ಸಣ್ಣ ಅಳತೆಯಲ್ಲಿ ಶಾಪ. ಮೈ ಗಿಡ್ಡವಾದ್ದರಿಂದ 16 ಪಿಕ್ಸೆಲ್ಲಿನ ಕಾರ್ಮೊರಂಟ್ ಜಾರ್ಜಿಯಾ ಫಾಂಟಿನ 13ರಷ್ಟೇ ಕಾಣುತ್ತದೆ. ಕಣ್ಣು ಚಿಕ್ಕದಾದ್ದರಿಂದ ಶಾಯಿ ಒಂಚೂರು ಹರಡಿದರೂ ಅದು ಮುಚ್ಚಿಹೋಗುತ್ತದೆ.

ತೆಳು ಅಕ್ಷರ ಅಂದಕೂಡಲೇ ಬೊಡೋನಿ, ಡೀಡೋ ಫಾಂಟುಗಳು ನೆನಪಾಗುವವರಿಗೆ ಒಂದು ವ್ಯತ್ಯಾಸ ಹೇಳಬೇಕು. ಆ ಕುಲದ ಅಕ್ಷರಗಳಲ್ಲಿ ಅಡ್ಡಗೆರೆಗಳೆಲ್ಲ ಕೂದಲೆಳೆ, ನಿಂತ ಗೆರೆಗಳೆಲ್ಲ ದಪ್ಪ. ಕೂದಲೆಳೆ ಹೋದರೆ ಅಕ್ಷರ ಕಂಬಗಳ ಸಾಲಾಗಿ ಉಳಿಯುತ್ತದೆ. ಗ್ಯಾರಮಂಡ್ ಕುಲದಲ್ಲಿ ದಪ್ಪ ತೆಳುವಿನ ಓಟ ಓರೆ, ಅಗಲ ಮೊನೆಯ ಲೇಖನಿಯನ್ನು ವಾಲಿಸಿ ಹಿಡಿದು ಬರೆದ ಹಾಗೆ. 'ಓ' ಅಕ್ಷರವನ್ನು ಗಡಿಯಾರವೆಂದುಕೊಂಡರೆ ತೆಳು ಜಾಗ ಬರುವುದು 11 ಮತ್ತು 5ರ ಹತ್ತಿರ. ಅಲ್ಲಿ ಕಿತ್ತುಹೋದರೂ ಓದುಗನ ಕಣ್ಣು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತದೆ. ಹೊಡೆತ ಬೀಳುವುದು 'ಇ' ಅಡ್ಡಗೆರೆಗೆ, ಸೆರಿಫ್ ತುದಿಗಳಿಗೆ, ಕಮಾನು ಕಂಬಕ್ಕೆ ಸೇರುವ ಜಾಗಕ್ಕೆ. ಪ್ರೂಫ್ ನೋಡುವಾಗ ಮೊದಲು ಹುಡುಕಬೇಕಾದ್ದು ಈ ಮೂರನ್ನೇ.

ಒಂದೊಂದು ಅಳತೆಗೂ ಒಂದೊಂದು ಕೆತ್ತನೆ

ಸೀಸದ ಮೊಳೆಯ ಕಾಲದಲ್ಲಿ ಈ ತೊಂದರೆ ಇರಲಿಲ್ಲ, ಯಾಕೆಂದರೆ ಒಂದೇ ಚಿತ್ರವನ್ನು ಹಿಗ್ಗಿಸಿ ಕುಗ್ಗಿಸುವ ದಾರಿಯೇ ಇರಲಿಲ್ಲ. ಒಂದೊಂದು ಅಳತೆಗೂ ಉಕ್ಕಿನ ಪಂಚುಗಳನ್ನು (ತುದಿಯಲ್ಲಿ ಅಕ್ಷರವಿರುವ ಕಡ್ಡಿಗಳನ್ನು) ಬೇರೆಯಾಗಿ ಕೆತ್ತಬೇಕಿತ್ತು. ಗ್ಯಾರಮಂಡ್ 1561ರಲ್ಲಿ ತೀರಿಕೊಂಡ ಮೇಲೆ ಅವನ ಪಂಚುಗಳಲ್ಲಿ ಒಂದಷ್ಟನ್ನು ಆಂಟ್‌ವರ್ಪಿನ ಮುದ್ರಕ ಕ್ರಿಸ್ಟೋಫ್ ಪ್ಲಾಂಟಿನ್ ಕೊಂಡ. ಅವು ಇಂದಿಗೂ ಆ ಊರಿನ ಪ್ಲಾಂಟಿನ್-ಮೊರೆಟಸ್ ವಸ್ತುಸಂಗ್ರಹಾಲಯದಲ್ಲಿವೆ. ದೊಡ್ಡ ಅಳತೆಯಲ್ಲಿ ಕೆತ್ತುವವನಿಗೆ ಗೆರೆ ತೆಳುವಾಗಿಸುವ ಧೈರ್ಯವಿತ್ತು. ಸಣ್ಣ ಅಳತೆಗೆ ಬಂದಾಗ ಅದೇ ಕೈ ಗೆರೆಯನ್ನು ದಪ್ಪ ಮಾಡುತ್ತಿತ್ತು, ಮೈಯನ್ನು ಎತ್ತರ ಮಾಡುತ್ತಿತ್ತು, ಅಕ್ಷರಗಳ ನಡುವೆ ಜಾಗ ಬಿಡುತ್ತಿತ್ತು. ಓದುಗನಿಗೆ ಎಲ್ಲ ಅಳತೆಯೂ ಒಂದೇ ಮನೆಯ ಮಕ್ಕಳಂತೆ ಕಾಣುತ್ತಿದ್ದವು. ಭೂತಗನ್ನಡಿ ಹಿಡಿದರೆ ಮಾತ್ರ ಅವು ಬೇರೆ ಬೇರೆ ಎಂದು ತಿಳಿಯುತ್ತಿತ್ತು.

ಇದನ್ನು ಕಂಪ್ಯೂಟರ್ ಕಾಲದಲ್ಲಿ ಹಟ ಹಿಡಿದು ಮಾಡಿ ತೋರಿಸಿದ ಕೆಲಸವೊಂದಿದೆ. ಜೊನಾಥನ್ ಹೋಫ್ಲರ್ 1990ರ ದಶಕದ ಆರಂಭದಲ್ಲಿ ಹಾರ್ಪರ್ಸ್ ಬಜಾರ್ ಪತ್ರಿಕೆಗೆ ಡೀಡೋ ಅಕ್ಷರ ಬರೆದಾಗ ಅದನ್ನು ಏಳು ಅಳತೆಗಳಿಗೆ ಏಳು ಸಲ ಬರೆದರು: 6, 11, 16, 24, 42, 64, 96 ಪಾಯಿಂಟ್. 96ರ ಫಾಂಟನ್ನು 96ರಲ್ಲಿ, 11ರ ಫಾಂಟನ್ನು 11ರಲ್ಲಿ ಬಳಸಿದರೆ ಕಾಗದದ ಮೇಲೆ ಕೂದಲೆಳೆಯ ದಪ್ಪ ಹೆಚ್ಚೂಕಡಿಮೆ ಒಂದೇ. 96ರದ್ದನ್ನು 11ಕ್ಕೆ ಇಳಿಸಿದರೆ ಎಳೆ ಸುಮಾರು ಒಂಬತ್ತು ಪಟ್ಟು ತೆಳುವಾಗುತ್ತದೆ. ಕಾರ್ಮೊರಂಟ್ ಲೈಟನ್ನು 9 ಪಾಯಿಂಟಿನಲ್ಲಿ ಹಾಕುವವರು ಮಾಡುತ್ತಿರುವುದು ಇದನ್ನೇ: ಶೀರ್ಷಿಕೆಗೆಂದು ಕೆತ್ತಿದ ಮೊಳೆಯನ್ನು ಅಡಿಟಿಪ್ಪಣಿಗೆ ಜೋಡಿಸುವುದು.

ಹಾಗಾದರೆ ಸಣ್ಣ ಅಳತೆಗೆ ಏನು? ಅದಕ್ಕೂ ಕಾಸಿಲ್ಲದ ಉತ್ತರವಿದೆ, ಇಬಿ ಗ್ಯಾರಮಂಡ್. ಆಸ್ಟ್ರಿಯಾದ ಗೇಯೋರ್ಗ್ ಡುಫ್ನರ್ ಇದನ್ನು 1592ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಅಚ್ಚಾದ ಎಗೆನಾಲ್ಫ್-ಬರ್ನರ್ ಮಾದರಿ ಹಾಳೆಯನ್ನು ನೋಡಿ ಮಾಡಿದರು. ಇದು ಪಠ್ಯಕ್ಕೆಂದೇ ಹುಟ್ಟಿದ ಅಕ್ಷರ. ಗೆರೆ ಗಟ್ಟಿ, ಕಣ್ಣು ತೆರೆದದ್ದು. ಹೆಸರಿಗೆ ಕಾರ್ಮೊರಂಟ್, ವಿವರಕ್ಕೆ ಇಬಿ ಗ್ಯಾರಮಂಡ್ ಹಾಕಿದರೆ ಎರಡು ಫಾಂಟ್ ಎಂಬುದು ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡಕ್ಕೂ ಅಜ್ಜ ಒಬ್ಬನೇ.

ಅಚ್ಚಿನ ಲೆಕ್ಕ

ಕೈಯಲ್ಲಿರುವ ಫಾಂಟಿನ ತೆಳುಗೆರೆ ಎಷ್ಟು ತೆಳು ಎಂದು ಅಳೆಯುವುದು ಎರಡು ನಿಮಿಷದ ಕೆಲಸ. ಕೋರೆಲ್‌ಡ್ರಾದಲ್ಲೋ ಇಲ್ಲಸ್ಟ್ರೇಟರ್‌ನಲ್ಲೋ ಇಂಗ್ಲಿಷಿನ ಸಣ್ಣ 'ಇ' ಅಕ್ಷರವನ್ನು 100 ಪಾಯಿಂಟಿನಲ್ಲಿ ಹೊಡೆದು, ಕರ್ವ್ ಮಾಡಿ (ಅಂದರೆ ಅಕ್ಷರವನ್ನು ಗೆರೆಚಿತ್ರವಾಗಿ ಬದಲಿಸಿ), ಅಡ್ಡಗೆರೆಯ ದಪ್ಪವನ್ನು ಪಾಯಿಂಟಿನಲ್ಲಿ ಅಳೆಯಿರಿ. ಬಂದ ಸಂಖ್ಯೆಯನ್ನು 100ರಿಂದ ಭಾಗಿಸಿ ನಿಮಗೆ ಬೇಕಾದ ಅಳತೆಯಿಂದ ಗುಣಿಸಿದರೆ ಮುಗಿಯಿತು. ಲೆಕ್ಕಕ್ಕಾಗಿ ಅದು 2 ಪಾಯಿಂಟ್ ಬಂತೆಂದುಕೊಳ್ಳೋಣ. ಆಗ 12 ಪಾಯಿಂಟಿನಲ್ಲಿ ಗೆರೆ 0.24 ಪಾಯಿಂಟ್, ಅಂದರೆ 0.085 ಮಿಲಿಮೀಟರ್. 36 ಪಾಯಿಂಟಿನಲ್ಲಿ 0.72 ಪಾಯಿಂಟ್, ಅಂದರೆ ಕಾಲು ಮಿಲಿಮೀಟರ್.

ಈಗ ಇದನ್ನು ಅಚ್ಚಿನ ಬಗೆಗೆ ಹೊಂದಿಸಬೇಕು. ನುಣುಪು ಕಾಗದದ ಮೇಲೆ ಒಂದೇ ಬಣ್ಣದ ಆಫ್‌ಸೆಟ್‌ನಲ್ಲಿ 0.25 ಪಾಯಿಂಟ್ ಗೆರೆಯನ್ನು ಕನಿಷ್ಠ ಎಂದು ಹಿಡಿಯುವುದು ವಾಡಿಕೆ. ಹಾಗಾಗಿ ನಮ್ಮ ಲೆಕ್ಕದ ಅಕ್ಷರ ಅಲ್ಲಿ 12.5 ಪಾಯಿಂಟಿಗಿಂತ ಕೆಳಗಿಳಿಯಬಾರದು. ಗಾಢ ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಿಟ್ಟರೆ ಎರಡೂ ಕಡೆಯಿಂದ ಶಾಯಿ ಒಳನುಗ್ಗುವುದರಿಂದ 0.5 ಪಾಯಿಂಟ್ ಬೇಕು. ಅಳತೆ 25ಕ್ಕೆ ಏರುತ್ತದೆ. ಫಾಯಿಲ್‌ಗೂ ಕಡಿಮೆಯೆಂದರೆ 0.5, ನೆಮ್ಮದಿಗೆ 0.75. ಅಂದರೆ 25ರಿಂದ 38 ಪಾಯಿಂಟ್. ಫಾಯಿಲ್‌ನ ಗೋಳು ಇಮ್ಮಡಿ. ಕಾದ ಬ್ಲಾಕು ಒತ್ತಿದಾಗ ತೆಳು ಎಳೆ ಅಂಟದೆ ಕಿತ್ತುಬರುತ್ತದೆ. ಅದನ್ನು ಸರಿಮಾಡಲು ಮಷೀನಿನವರು ಶಾಖವನ್ನೋ ಒತ್ತಡವನ್ನೋ ಏರಿಸಿದರೆ ಸಾಸಿವೆಗಾತ್ರದ ಕಣ್ಣುಗಳು ತುಂಬಿಕೊಳ್ಳುತ್ತವೆ. ಒಂದೇ ಸಾಲಿನಲ್ಲಿ ಒಂದು 'ಇ' ಕಿತ್ತುಹೋಗಿ ಇನ್ನೊಂದು 'ಇ' ಮುಚ್ಚಿಹೋಗಿರುವುದು ಇದೇ ಕಾರಣಕ್ಕೆ. ಜೂಟಿನಂತೆ ತರಿಯಿರುವ ಕಾಗದವಾದರೆ ತಗ್ಗುಗಳಿಗೆ ಫಾಯಿಲ್ ತಲುಪುವುದೇ ಇಲ್ಲ. ಅಲ್ಲಿ ಲೈಟ್ ತೂಕದ ಮಾತೇ ಬೇಡ.

ಬಣ್ಣದ ವಿಷಯದಲ್ಲಿ ಆಗುವ ತಪ್ಪು ಇನ್ನೂ ಸಾಮಾನ್ಯ. ತೆಳು ಅಕ್ಷರವನ್ನು ನಾಲ್ಕು ಬಣ್ಣ ಬೆರೆಸಿದ ಕಪ್ಪಿನಲ್ಲೋ ಮರೂನಿನಲ್ಲೋ ಇಟ್ಟುಬಿಡುತ್ತಾರೆ. ನಾಲ್ಕು ಪ್ಲೇಟು ಒಂದರ ಮೇಲೊಂದು ಕೂರುವಾಗ 0.1 ಮಿಲಿಮೀಟರ್ ಆಚೀಚೆ ಆಗುವುದು ದೊಡ್ಡ ದೋಷವೇನಲ್ಲ. ಆದರೆ ನಮ್ಮ ಗೆರೆಯೇ 0.085! ಅಂದಮೇಲೆ ಬಣ್ಣಗಳು ಒಂದರ ಮೇಲೊಂದು ಕೂರದೆ ಪಕ್ಕಪಕ್ಕದಲ್ಲಿ ನಿಲ್ಲುತ್ತವೆ. ನಸುಬೂದು ಬೇಕೆಂದು 60 ಪ್ರತಿಶತ ಕಪ್ಪು ಕೊಟ್ಟರೆ ಅಕ್ಷರ ಚುಕ್ಕಿಗಳಾಗುತ್ತದೆ. ಇಂಚಿಗೆ 150 ಸಾಲಿನ ಸ್ಕ್ರೀನಿನಲ್ಲಿ (ಬಣ್ಣವನ್ನು ಚುಕ್ಕಿಗಳಾಗಿಸುವ ಜಾಲದಲ್ಲಿ) ಒಂದು ಚುಕ್ಕಿಮನೆಯ ಅಗಲ 0.17 ಮಿಲಿಮೀಟರ್, ಅದರ ಅರ್ಧದಷ್ಟಿರುವ ಗೆರೆ ಮಣಿಸರದಂತೆ ಬಿಟ್ಟುಬಿಟ್ಟು ಬೀಳುತ್ತದೆ. ಆದ್ದರಿಂದ 100 ಪ್ರತಿಶತ ಕಪ್ಪು, ಇಲ್ಲವೇ ಆ ಬಣ್ಣಕ್ಕೇ ಪ್ರತ್ಯೇಕ ಶಾಯಿ ಮತ್ತು ಪ್ಲೇಟು. ಮೂರನೆಯ ದಾರಿ ಇಲ್ಲ.

ಗೆರೆ ತೆಳುವಾಯಿತೆಂದು ಕರ್ವ್ ಮಾಡಿದ ಅಕ್ಷರಕ್ಕೆ 0.2 ಪಾಯಿಂಟ್ ಔಟ್‌ಲೈನ್ ಕೊಡುವ ಉಪಾಯ ಡಿಟಿಪಿಯವರಿಗೆಲ್ಲ ಗೊತ್ತು. 0.24 ಇದ್ದದ್ದು 0.44 ಆಗುತ್ತದೆ, ನಿಜ. ಆದರೆ ಕಣ್ಣಿನ ಜಾಗವೂ ಅಷ್ಟೇ ಕಿರಿದಾಗುತ್ತದೆ, ಸೆರಿಫ್‌ನ ಮೊನೆ ಮೊಂಡಾಗುತ್ತದೆ, ದಪ್ಪ ಗೆರೆಗಳೂ ಊದುತ್ತವೆ. ಅದೇ ಫಾಂಟಿನ ಮೀಡಿಯಂ ಅಥವಾ ಸೆಮಿಬೋಲ್ಡ್ ತೂಕದಲ್ಲಿ ಅಕ್ಷರ ಬರೆದವರೇ ದಪ್ಪ ತೆಳುವನ್ನು ಹದ ಮಾಡಿಟ್ಟಿರುವಾಗ ಈ ಸರ್ಕಸ್ ಏಕೆ? ಇನ್ನೊಂದು ಎಚ್ಚರ: ಆಫೀಸಿನ ಲೇಸರ್ ಪ್ರಿಂಟನ್ನು ನಂಬಬೇಡಿ. ಇಂಚಿಗೆ 600 ಚುಕ್ಕಿಯಲ್ಲಿ ಒಂದು ಚುಕ್ಕಿ 0.042 ಮಿಲಿಮೀಟರ್, ಮೇಲೆ ಟೋನರ್ ಕರಗಿ ಹರಡುತ್ತದೆ. ಅಲ್ಲಿ ದಿಟ್ಟವಾಗಿ ಕಂಡ ಗೆರೆ ಬ್ಲಾಕಿನಲ್ಲಿ ಹಾಗೆ ಬರುವುದಿಲ್ಲ.

ಇಷ್ಟೆಲ್ಲ ಲೆಕ್ಕದ ಮೇಲೆ ನಾನು ಇಟ್ಟುಕೊಳ್ಳುವ ಅಳತೆ ಹೀಗೆ: ಲೈಟ್ 30 ಪಾಯಿಂಟಿನಿಂದ ಮೇಲೆ, ರೆಗ್ಯುಲರ್ 18ರಿಂದ ಮೇಲೆ, ಮೀಡಿಯಂ 13-14ರವರೆಗೆ ಇಳಿಯಬಹುದು. ಅದಕ್ಕಿಂತ ಕೆಳಗೆ ಬೇರೆ ಫಾಂಟ್. ಓದುವ ಪಠ್ಯಕ್ಕೆ ಇದು ಒಗ್ಗುವುದು ಕವಿತೆಯಲ್ಲಿ ಮಾತ್ರ. ಪುಟದ ತುಂಬ ಬಿಳಿ ಜಾಗವಿದ್ದು, ಸಾಲು ಚಿಕ್ಕದಿದ್ದು, ಓದುಗ ನಿಧಾನವಾಗಿ ಓದುವುದರಿಂದ 15 ಪಾಯಿಂಟಿನ ಮೀಡಿಯಂ ಅಲ್ಲಿ ಬಹಳ ಹಿತ. ಶೀರ್ಷಿಕೆಗಳಲ್ಲಿ ಸಾಲಂತರವನ್ನು ಅಕ್ಷರದ ಅಳತೆಯಷ್ಟೇ ಇಟ್ಟರೂ ಸಾಕು, ಗಿಡ್ಡ ಮೈಯಿಂದಾಗಿ ಬೇಕಾದಷ್ಟು ಗಾಳಿ ತಾನಾಗಿ ಇರುತ್ತದೆ. ಎಲ್ಲ ದೊಡ್ಡಕ್ಷರಗಳಲ್ಲಿ ಹೆಸರು ಹಾಕಿದರೆ ಅಕ್ಷರಗಳ ನಡುವೆ 5ರಿಂದ 8 ಪ್ರತಿಶತ ಜಾಗ ಬಿಡಿಸಿ. ಫೋನ್ ನಂಬರಿಗೆ ಮೇಲೆ ಕೆಳಗೆ ಇಳಿಯುವ ಹಳೆಯ ಶೈಲಿಯ ಅಂಕಿ ಬೇಡ, ಅದರ ಸೊನ್ನೆ 'ಓ' ಅಕ್ಷರದಂತೆ ಕಾಣುತ್ತದೆ; ಓಪನ್‌ಟೈಪ್ ಆಯ್ಕೆಯಲ್ಲಿ ಲೈನಿಂಗ್ ಅಂಕಿಗೆ, ಅಂದರೆ ಎಲ್ಲವೂ ಒಂದೇ ಎತ್ತರದ ಅಂಕಿಗೆ, ಬದಲಿಸಿ.

ತೆರೆಯ ಮೇಲೆ

ಮೊಬೈಲಿನಲ್ಲಿ ನೋಡಿದರೆ ಚೆಂದ, ಆಫೀಸಿನ ಮಾನಿಟರಿನಲ್ಲಿ ನೋಡಿದರೆ ಮಾಸಲು. ತೆಳು ಸೆರಿಫ್ ಬಳಸಿದ ವೆಬ್‌ಪುಟಗಳ ಬಗ್ಗೆ ಪದೇಪದೇ ಕೇಳುವ ದೂರು ಇದು, ಕಾರಣ ಮೇಲಿನದೇ ಗುಣಾಕಾರ. 16 ಪಿಕ್ಸೆಲ್ ಅಕ್ಷರದಲ್ಲಿ 2 ಪ್ರತಿಶತದ ಗೆರೆ ಅಂದರೆ 0.32 ಪಿಕ್ಸೆಲ್. ಸಾಮಾನ್ಯ ಮಾನಿಟರಿಗೆ ಮೂರನೇ ಒಂದು ಭಾಗ ಪಿಕ್ಸೆಲ್ ಹಚ್ಚಲು ಬರುವುದಿಲ್ಲ, ಇಡೀ ಪಿಕ್ಸೆಲ್ಲಿಗೆ ಮೂರನೇ ಒಂದು ಭಾಗ ಕಪ್ಪು ಹಚ್ಚುತ್ತದೆ. ನೀವು ಅಚ್ಚ ಕಪ್ಪು ಕೊಟ್ಟಿದ್ದರೂ ಬಿಳಿಯ ಮೇಲೆ ಬೀಳುವುದು ತಿಳಿಬೂದು. ಬಣ್ಣದ ಅಂತರ ಸುಮಾರು 2.2ಕ್ಕೆ 1. ಓದುವ ಪಠ್ಯಕ್ಕೆ ಕನಿಷ್ಠ 4.5ಕ್ಕೆ 1 ಇರಬೇಕೆಂಬುದು ವೆಬ್‌ನ ಸುಲಭಬಳಕೆಯ ನಿಯಮ. ಒಂದು ಪಿಕ್ಸೆಲ್ಲಿಗೆ ಮೂರು ಸಾಲು ಚುಕ್ಕಿಗಳಿರುವ ಮೊಬೈಲಿನಲ್ಲಿ ಅದೇ ಗೆರೆ 0.96 ಚುಕ್ಕಿ, ಹಾಗಾಗಿ ಅಲ್ಲಿ ಕಪ್ಪಗೆ ನಿಲ್ಲುತ್ತದೆ. ಮಾನಿಟರಿನಲ್ಲೂ ಅಷ್ಟೇ ಕಪ್ಪು ಬೇಕೆಂದರೆ 48 ಪಿಕ್ಸೆಲ್ ಬೇಕು. ನಿಯಮ ಪರೀಕ್ಷಿಸುವ ಸಲಕರಣೆಗಳು ನೀವು ಕೊಟ್ಟ ಬಣ್ಣವನ್ನಷ್ಟೇ ನೋಡಿ ಪಾಸು ಮಾಡಿಬಿಡುತ್ತವೆ, ಗೆರೆಯ ದಪ್ಪ ಅವುಗಳಿಗೆ ಕಾಣದು.

ಜೊತೆಗೆ ಎರಡು ಕೈತಪ್ಪು. ಲೈಟ್ ತೂಕದ ಕಡತವೊಂದನ್ನೇ ಪುಟಕ್ಕೆ ತಂದು, ಶೀರ್ಷಿಕೆಗೆ ತೂಕ 300 (ಅಂದರೆ ಲೈಟ್) ಎಂದು ಬರೆಯಲು ಮರೆತರೆ ಬ್ರೌಸರ್ ತನ್ನ ರೂಢಿಯ ಪ್ರಕಾರ ಬೋಲ್ಡ್ ಕೇಳುತ್ತದೆ. ಸಿಗದಿದ್ದಾಗ ಇದ್ದ ಲೈಟನ್ನೇ ಬಳಿದು ದಪ್ಪ ಮಾಡುತ್ತದೆ. ಸೆರಿಫ್ ತುದಿಗಳು ಗಂಟುಗಟ್ಟಿದಂತೆ ಕಂಡರೆ ಇದೇ ಎಂದು ತಿಳಿಯಿರಿ. ಇನ್ನೊಂದು, ಮ್ಯಾಕ್‌ನಲ್ಲಿ ಅಕ್ಷರವನ್ನು ಸಣಕಲು ಮಾಡುವ 'ಆಂಟಿಅಲಿಯಾಸ್ಡ್' ಸ್ಮೂತಿಂಗ್ ಎಂಬ ಕೋಡ್ ಸಾಲು. ದಪ್ಪ ಫಾಂಟುಗಳಿಗೆ ಅದು ಚೆಂದ. ಮೊದಲೇ ಸಣಕಲಾದ ಅಕ್ಷರದ ಪುಟದಿಂದ ಅದನ್ನು ತೆಗೆದುಹಾಕಿ.

ಪಕ್ಕದಲ್ಲಿ ಕನ್ನಡ ಕೂತಾಗ

ಕಾರ್ಮೊರಂಟ್‌ನಲ್ಲಿ ಕನ್ನಡ ಲಿಪಿ ಇಲ್ಲ. ಪುಟದ ಫಾಂಟ್ ಕಾರ್ಮೊರಂಟ್ ಎಂದಷ್ಟೇ ಹೇಳಿ ಬಿಟ್ಟರೆ ಕನ್ನಡ ಸಾಲುಗಳಿಗೆ ಆಯಾ ಸಾಧನ ತನ್ನಲ್ಲಿದ್ದದ್ದನ್ನು ಹಾಕಿಕೊಳ್ಳುತ್ತದೆ: ವಿಂಡೋಸ್‌ನಲ್ಲಿ ನಿರ್ಮಲಾ ಯುಐ, ಆಂಡ್ರಾಯ್ಡ್‌ನಲ್ಲಿ ನೋಟೋ ಸಾನ್ಸ್ ಕನ್ನಡ. ರೇಷ್ಮೆ ಸೀರೆಯ ಪಕ್ಕದಲ್ಲಿ ರೇನ್‌ಕೋಟ್ ನಿಂತ ಹಾಗಿರುತ್ತದೆ. ಅಚ್ಚಿನಲ್ಲೂ ಇದೇ ಕಥೆ. ಇಂಗ್ಲಿಷಿನ ಹೆಸರಿಗೆ ಅರ್ಧ ದಿನ ಫಾಂಟ್ ಹುಡುಕಿದವರು ಕನ್ನಡಕ್ಕೆ ಮೊದಲು ಸಿಕ್ಕಿದ್ದನ್ನು ಹಾಕುತ್ತಾರೆ. ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ಇದು.

ತೂಕ ಹೊಂದಿಸಲು ಇವತ್ತಿಗೆ ಕೈಗೆಟಕುವ ದಾರಿ ನೋಟೋ ಸೆರಿಫ್ ಕನ್ನಡ. ಅದು 100ರಿಂದ 900ರವರೆಗೆ ಎಲ್ಲ ತೂಕಗಳಲ್ಲಿ ಸಿಗುತ್ತದೆ. ಶೀರ್ಷಿಕೆಯಲ್ಲಿ ಕನ್ನಡವನ್ನು 300ಕ್ಕೆ ಇಳಿಸಿ, ಇಂಗ್ಲಿಷನ್ನು ಕಾರ್ಮೊರಂಟ್ ಮೀಡಿಯಂಗೆ ಏರಿಸಿ, ಕಣ್ಣು ಕಿರಿದು ಮಾಡಿ ನೋಡಿದರೆ ಎರಡರ ಕಪ್ಪು ಒಂದೇ ಹದಕ್ಕೆ ಬರುತ್ತದೆ. ಎತ್ತರವನ್ನೂ ಹೊಂದಿಸಬೇಕು. ಕನ್ನಡ ಅಕ್ಷರದ ಮೈಗೆ ಹೋಲಿಸಿದರೆ ಕಾರ್ಮೊರಂಟಿನ ಮೈ ಬಹಳ ಗಿಡ್ಡ, ಹಾಗಾಗಿ ಇಂಗ್ಲಿಷನ್ನು 15ರಿಂದ 20 ಪ್ರತಿಶತ ದೊಡ್ಡದು ಮಾಡಿ. ವೆಬ್‌ನಲ್ಲಾದರೆ ಕನ್ನಡದ ಯೂನಿಕೋಡ್ ವ್ಯಾಪ್ತಿಗೆ, ಅಂದರೆ 0ಸಿ80ಯಿಂದ 0ಸಿಎಫ್‌ಎಫ್‌ವರೆಗೆ, ಪ್ರತ್ಯೇಕ ಫಾಂಟ್ ಘೋಷಿಸಿ ಅದಕ್ಕೆ ಅಳತೆ ತಿದ್ದುವ ಸೈಜ್-ಅಡ್ಜಸ್ಟ್ 85 ಪ್ರತಿಶತ ಕೊಟ್ಟರೆ ಸಾಲಿನೊಳಗೆ ಬೆರೆತು ಬರುವ ಪದಗಳೂ ಸರಿಹೋಗುತ್ತವೆ. ಓದುವ ಪಠ್ಯಕ್ಕೆ ಟಿರೋ ಕನ್ನಡ ಒಳ್ಳೆಯದು. ಭಾರತದ ಹಳೆಯ ಮೇರುಕೃತಿಗಳ ಮಾಲೆಯಾದ ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳಿಗಾಗಿ ಮಾಡಿಸಿದ ಅಕ್ಷರದಿಂದ ಬಂದದ್ದು ಅದು, ಮೊಳೆ ಜೋಡಿಸಿದ ಹಳೆಯ ಪುಟಗಳ ದುಂಡಗಿನ ನೆನಪು ಅದರಲ್ಲಿದೆ. ಆದರೆ ತೂಕ ಒಂದೇ, ಹಾಗಾಗಿ ಅದರ ಪಕ್ಕಕ್ಕೆ ಕಾರ್ಮೊರಂಟ್ ಲೈಟ್ ಬೇಡ. ಇಬಿ ಗ್ಯಾರಮಂಡ್ ರೆಗ್ಯುಲರ್ ಇಡಿ.

ಇಂಗ್ಲಿಷಿಗೆ ಒಗ್ಗುವ ಕೆಲವು ಕ್ರಮ ಕನ್ನಡಕ್ಕೆ ಒಗ್ಗುವುದಿಲ್ಲ. ಅಕ್ಷರಗಳ ನಡುವೆ ಜಾಗ ಬಿಡಿಸಿದರೆ ಗುಣಿತ, ಒತ್ತು, ಅರ್ಕಾವತ್ತು ತಾಯಕ್ಷರದಿಂದ ದೂರ ಸರಿದು ಪದ ಚೂರಾಗುತ್ತದೆ. ಕನ್ನಡ ಸಾಲಿಗೆ ಅದನ್ನು ಸೊನ್ನೆಗೆ ತನ್ನಿ. ಸಾಲಂತರ 1.0 ಇಟ್ಟ ಶೀರ್ಷಿಕೆಯಲ್ಲಿ 'ಸ್ತ್ರೀ', 'ಶಾಸ್ತ್ರ'ದಂಥ ಇಮ್ಮಡಿ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ. ಶೀರ್ಷಿಕೆಗೆ 1.35, ಪಠ್ಯಕ್ಕೆ 1.6 ಬೇಕು. ಇಟಾಲಿಕ್ ಬೇಕೆಂದು ಕನ್ನಡವನ್ನು ಯಾಂತ್ರಿಕವಾಗಿ ವಾಲಿಸಿದರೆ ದುಂಡು ಅಕ್ಷರಗಳು ಮೊಟ್ಟೆಯಾಗುತ್ತವೆ.

ತೆಳು ತೂಕದಲ್ಲಿ ಕನ್ನಡ ಬರೆಯುವ ಕಷ್ಟ ಎಲ್ಲಿದೆಯೆಂದು ತಿಳಿಯಲು ಒತ್ತಕ್ಷರವೊಂದನ್ನು ಹಿಗ್ಗಿಸಿ ನೋಡಿ. 'ಹಬ್ಬ'ದ ಕೆಳಗಿನ ಬ ಒತ್ತನ್ನು ದೊಡ್ಡ ಬಕಾರವನ್ನೇ 60 ಪ್ರತಿಶತಕ್ಕೆ ಕುಗ್ಗಿಸಿ ಮಾಡಿದ್ದರೆ ಗೆರೆಯೂ 60 ಪ್ರತಿಶತವಾಗಿರುತ್ತದೆ, ಮೇಲಿನದಕ್ಕಿಂತ ಮಾಸಲಾಗಿ ಕಾಣುತ್ತದೆ. ಒಳ್ಳೆಯ ಫಾಂಟಿನಲ್ಲಿ ಒತ್ತನ್ನು ಬೇರೆಯಾಗಿ ಬರೆದು ಗೆರೆಯ ದಪ್ಪವನ್ನು ತಾಯಕ್ಷರದ ಹತ್ತಿರ ತಂದಿರುತ್ತಾರೆ. ಮಹಾಪ್ರಾಣದ ಸೀಳು ಅದಕ್ಕಿಂತ ನಾಜೂಕು. ಧ, ಢ, ಫ ಅಕ್ಷರಗಳ ಅಡಿಯ ಆ ಗೆರೆ ಎಷ್ಟು ಗಿಡ್ಡವೆಂದರೆ 9 ಪಾಯಿಂಟಿನಲ್ಲಿ ಅರ್ಧ ಮಿಲಿಮೀಟರ್ ಉದ್ದವೂ ಇರುವುದು ಕಷ್ಟ. ಇಂಗ್ಲಿಷಿನಲ್ಲಿ 'ಇ' ಹೋದರೆ ಓದುಗ ಊಹಿಸಿಕೊಳ್ಳುತ್ತಾನೆ. ಇಲ್ಲಿ ಧನ ದನವಾಗುತ್ತದೆ.

ಮೊದಲು ಹೇಳಿದ ಕಾರ್ಡಿಗೇ ಬರುವುದಾದರೆ ಅದನ್ನು ಉಳಿಸಲು ಹೆಚ್ಚಿನದೇನೂ ಬೇಕಿರಲಿಲ್ಲ. ಹೆಸರುಗಳಿಗಷ್ಟೇ ಫಾಯಿಲ್, 36 ಪಾಯಿಂಟಿನ ಕಾರ್ಮೊರಂಟ್ ಮೀಡಿಯಂ; ಕನ್ನಡದ ಹೆಸರುಗಳು 30ರಲ್ಲಿ ನೋಟೋ ಸೆರಿಫ್ 300. ಉಳಿದ ವಿವರವೆಲ್ಲ ಒಂದೇ ಗಾಢ ಬಣ್ಣದ ಆಫ್‌ಸೆಟ್: ಇಂಗ್ಲಿಷ್ 10.5 ಪಾಯಿಂಟ್ ಇಬಿ ಗ್ಯಾರಮಂಡ್, ಕನ್ನಡ 10 ಪಾಯಿಂಟ್ ನೋಟೋ ಸೆರಿಫ್ ರೆಗ್ಯುಲರ್. ಬ್ಲಾಕ್ ಮಾಡಿದ ಮೇಲೆ, 500 ಕಾರ್ಡು ಒತ್ತುವ ಮೊದಲು, ಅದೇ ಕಾಗದದ ಮೇಲೆ ಒಂದೇ ಒಂದು ಏಟು ಹಾಕಿಸಿ ತರಿಸಿಕೊಳ್ಳಿ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಫಾಯಿಲ್ ಹೊಳೆದು ಎಲ್ಲವೂ ಸರಿ ಎನಿಸುತ್ತದೆ, ಹಗಲು ಬೆಳಕಿಗೆ ತನ್ನಿ. ಹೆಸರುಗಳಲ್ಲಿ ಇಂಗ್ಲಿಷಿನ 'ಇ' ಎಲ್ಲಿದೆ, ಕನ್ನಡದ ಒತ್ತು ಮತ್ತು ಮಹಾಪ್ರಾಣ ಎಲ್ಲಿವೆ ಎಂದು ಹುಡುಕಿ, ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ.